ಗಾಲಿಕುರ್ಚಿಯ ನಾಣ್ಯಕ್ಕೆ ಹಲ್ಲುಪುಡಿ

ಹಬ್ಬಕ್ಕೆ ಬೆಳ್ಳಿ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಣಿಸಂದ್ರದಲ್ಲೇ ಇಲ್ಲ! ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೀಪ, ಕುಂಕುಮದ ಬಟ್ಟಲು ಎಲ್ಲವನ್ನೂ ಹಲ್ಲುಪುಡಿ ಹಾಕಿ ಥಳಥಳ ಹೊಳೆಯುವಂತೆ ತಿಕ್ಕಿದೆ. ಅಲ್ಲಿಗೆ ಕೈ ತೊಳೆದುಕೊಂಡು ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ಶೋಕೇಸಿನಲ್ಲಿದ್ದ ಶೈಲಾಳ ಬೆಳ್ಳಿ ನಾಣ್ಯ ಕಣ್ಣಿಗೆ ಬಿತ್ತು.

ಶೈಲಾ ನನ್ನ ಹೆಂಡತಿ. ಗಾಲಿಕುರ್ಚಿಯಲ್ಲಿ ಕೂತೇ ಜಾವೆಲಿನ್ ಎಸೆಯುತ್ತಿದ್ದವಳು, ಈಗ ಮಕ್ಕಳಿಗೆ ಕಲಿಸುತ್ತಾಳೆ. ಅಂಗವಿಕಲ ಕ್ರೀಡಾಪಟುಗಳ ಗೌರವಕ್ಕೆಂದು ಹೊರತಂದ ಆ ನಾಣ್ಯದ ಮೇಲೆ ಗಾಲಿಕುರ್ಚಿಯ ಓಟಗಾರ್ತಿಯೊಬ್ಬಳಿದ್ದಳು. "ನಾಣ್ಯದ ಮೇಲೆ ರಾಜರನ್ನ ನೋಡಿದ್ದೆ, ನಮ್ಮಂಥವರನ್ನ ಇದೇ ಮೊದ್ಲು ಕಣ್ರೀ" ಎಂದು ಶೈಲಾ ಅದನ್ನು ಡಬ್ಬಿ ಸಮೇತ ಜೋಪಾನ ಮಾಡಿದ್ದಳು. ಅವತ್ತು ಸಂಜೆ, ಹೊಸದಾಗಿ ಸೇರಿದ ಮಕ್ಕಳಿಗೆ ಅದನ್ನು ತೋರಿಸುವವಳಿದ್ದಳು.

ನನಗೇಕೋ ನಾಣ್ಯ ಮಂಕಾಗಿ ಕಂಡಿತು. ಶೈಲಾ ಹೂವು ತರಲು ಹೋಗಿದ್ದಳು. ಸದರಿ ನಾಣ್ಯವನ್ನು ಶುಚಿಗೊಳಿಸುವ ಮಹತ್ಕಾರ್ಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡು, ಡಬ್ಬಿ ಒಡೆದು ತಿಕ್ಕಿದೆ. ಓಟಗಾರ್ತಿಯ ಮೈತುಂಬ ಗೀರು!

ನಾಣ್ಯವನ್ನು ಜೇಬಿಗಿಳಿಸಿಕೊಂಡೆ. ಆರ್.ಟಿ. ನಗರದ ಬೆಳ್ಳಿ ಪಾಲಿಶ್ ಅಂಗಡಿಗೆ ಓಡಿದೆ.

"ಗೀರು ಹೋಗುತ್ತಾ ಗುರು?"

"ಹೋಗುತ್ತೆ ಸಾರ್. ಆದ್ರೆ ಮೆಷಿನ್‌ಗೆ ಕೊಟ್ರೆ ಗೀರಿನ ಜೊತೆ ಇನ್ನೇನಾದ್ರೂ ಹೋಗ್ಬಹುದು."

"ನೀನು ಕೊಡಯ್ಯಾ, ನಾನಿದ್ದೀನಿ!"

ಗೀರು ಹೋಯಿತು. ಗಾಲಿಕುರ್ಚಿಯೂ ಹೋಯಿತು!

"ಇನ್ನೊಂದ್ ರೌಂಡ್ ಹೊಡೀಲಾ ಸಾರ್?"

"ಬೇಡ ಮಹರಾಯ, ಹುಡುಗಿಯಾದ್ರೂ ಉಳೀಲಿ!" ಎಂದು ಕಿತ್ತುಕೊಂಡು ಬಂದೆ.

ಮನೆಯಲ್ಲಿ ಶೈಲಾ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಡಾಕ್ಟರುಗಳ ಕೈಲೂ ಆಗ್ದಿದ್ದನ್ನ ಮಾಡ್ಬಿಟ್ರಿ. ಎದ್ದು ನಿಲ್ಲಿಸ್ಬಿಟ್ರಲ್ರೀ ಅವಳನ್ನ!"

ನಗಲು ಹೋದೆ. ಅವಳ ಕಣ್ಣಲ್ಲಿ ನೀರಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ಇನ್ನೊಂದು ತರಿಸ್ಕೊಡ್ತೀನಿ ಶೈಲಾ..."

"ಇವತ್ತು ಮಕ್ಕಳಿಗೆ ಏನ್ ತೋರಿಸ್ಲಿ? ನಿಮ್ಮನ್ನಾ? ನಡೀರಿ, ನೀವೇ ಬಂದು ಹೇಳಿ!"

ಸಂಜೆ ಯಲಹಂಕದ ಮೈದಾನದಲ್ಲಿ, ಸವೆದ ನಾಣ್ಯ ಹಿಡಿದು ತಲೆತಗ್ಗಿಸಿ ನಿಂತೆ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು.

"ಮಿಸ್, ಈ ಅಂಕಲ್‌ಗೆ ಏನ್ ತೊಂದ್ರೆ?"

"ಕೈ ಸುಮ್ನಿರಲ್ಲ ಪುಟ್ಟಿ. ಹುಟ್ಟಿದಾಗಿಂದ" ಎಂದಳು ಶೈಲಾ.

ಗಾಲಿಕುರ್ಚಿಗಳಲ್ಲಿ ಕೂತಿದ್ದ ಮಕ್ಕಳೆಲ್ಲ ನನ್ನನ್ನು ನೋಡಿ, "ಅಯ್ಯೋ ಪಾಪ!" ಎಂದರು.