ನೆಲದಿಂದ ಒಂದು ಗೇಣು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹುಟ್ಟಿದ್ದು ನೂರು ವರ್ಷ ತಡವಾಯಿತು. ಬೇಗ ಹುಟ್ಟಿದ್ದರೆ ಹೆಲಿಕಾಪ್ಟರನ್ನು ಅವರೇ ಕಂಡುಹಿಡಿದಿರುತ್ತಿದ್ದರು. ಇಲ್ಲವೇ, ಅವರ ಕಾಟಕ್ಕೆ ಅದು ಇನ್ನೂ ಹುಟ್ಟದೇ ಇರುತ್ತಿತ್ತು!

ಪರದೇಶದಲ್ಲಿ ಅಕ್ಕ-ಭಾವ ನೆಲೆಸಿದ್ದ ಲಿನ್‌ವುಡ್‌ಗೆ ಇನ್ನೂ ರೈಲು ಬಾರದಿದ್ದ ದಿನಗಳವು. ಧಾರವಾಡದ ಈ ಇಂಜಿನಿಯರ್ ಮಹಾಶಯರು ಅಲ್ಲಿನ ಮನೆಯ ಗ್ಯಾರೇಜಿನಿಂದ ಎರಡೂ ಕಾರುಗಳನ್ನು ಬೀದಿಗಟ್ಟಿ, ಹೆಲಿಕಾಪ್ಟರಿನ ಆದಿಕಾಲದ ಪ್ರಯೋಗಗಳನ್ನೆಲ್ಲ ಮೊದಲಿನಿಂದ ಮಾಡತೊಡಗಿದ್ದರು. ಶನಿವಾರ ಅಕ್ಕನ ಕೈಯೂಟಕ್ಕೆ ಹೋಗುತ್ತಿದ್ದ ನಾನು ತಡೆಯಲಾರದೆ ಕೇಳಿದೆ, "ಭಾವ, ಅಂಗಡೀಲಿ ಡ್ರೋನೇ ಸಿಗತ್ತಲ್ಲ?"

"ಅದರಾಗಿನ ತಪ್ಪೆಲ್ಲಾ ಬ್ಯಾರೇದವ್ರು ಮಾಡಿ ಮುಗಿಸ್ಯಾರ. ನನಗೇನು ಉಳೀತು?"

ಉಳಿದಿತ್ತು, ಬೇಕಾದಷ್ಟು ಉಳಿದಿತ್ತು! ಆಫೀಸಿನ ತಿರುಗು ಕುರ್ಚಿಗೆ ಒಂದು ಕಂಬ ನಿಲ್ಲಿಸಿ, ತುದಿಗೆ ಮೋಟರು, ರೆಕ್ಕೆ ಕಟ್ಟಿದರು. ಸ್ವಿಚ್ ಒತ್ತಿದ್ದೇ ತಡ, ರೆಕ್ಕೆ ಒಂದು ಕಡೆಗೆ ತಿರುಗಿದರೆ ಕುರ್ಚಿ ಇನ್ನೊಂದು ಕಡೆಗೆ ಗಿರಗಿರ ತಿರುಗಿತು. ಅದರಲ್ಲಿ ಕೂತಿದ್ದ ಭಾವನೂ! ಇಳಿದವರು ಗೋಡೆ ಹಿಡಿದುಕೊಂಡೇ ಕುಣಿದರು. "ಮೊದಲ ಮಾಡಿದವ್ರಿಗೂ ಇದೇ ತ್ರಾಸು! ನಾ ನೂರು ವರ್ಷದ ಹಿಂದಿನವ್ರ ಸರಿಸಮ ಬಂದೀನಿ!"

"ಇನ್ನು ನೂರೇ ವರ್ಷ ಬಾಕಿ. ಊಟಕ್ಕೆ ಬನ್ನಿ," ಎಂದಳು ಅಕ್ಕ.

ಮುಂದಿನ ಸಲ ಒಂದರ ಮೇಲೊಂದು ಎರಡು ರೆಕ್ಕೆ, ವಿರುದ್ಧ ದಿಕ್ಕಿಗೆ. ಕುರ್ಚಿ ತೆಪ್ಪಗಾಯಿತು. ಆದರೆ ಹಾರಿದ್ದು ಅದಲ್ಲ, ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿದ್ದ ತರಗೆಲೆ! ಅಜ್ಜಿ ಬಂದಾಗ ಭಾವ ಕ್ಷಮೆ ಕೇಳಲು ಬಾಯಿ ತೆರೆದರು. ಅಜ್ಜಿ ಇಂಗ್ಲಿಷಿನಲ್ಲಿ ವಿನಂತಿಸಿಕೊಂಡಳು: "ಪ್ರತಿ ಶನಿವಾರವೂ ಹೀಗೇ ಮಾಡಬಹುದೇ?"

ಎರಡು ವರ್ಷದ ನಂತರ ಟಕ್ವಿಲಾ ಎಂಬ ಊರಿನಲ್ಲಿ, ಗೆಳೆಯರೊಬ್ಬರ ಗೋದಾಮಿನ ಹಿಂದಿನ ಬಯಲಿನಲ್ಲಿ, ದೊಡ್ಡ ಯಂತ್ರವೇ ನಿಂತಿತು. ಹಾರಿಹೋಗದಂತೆ ನಾಲ್ಕು ಮೂಲೆಗೂ ಹಗ್ಗ. ಸೀಟಿನಲ್ಲಿ ಮನುಷ್ಯರ ಬದಲು ಬೆಲ್ಟ್ ಬಿಗಿದ ಅಕ್ಕಿ ಚೀಲಗಳು.

"ಅರವತ್ತೊಂದು ಕಿಲೋ," ಎಂದರು ಭಾವ. "ನಿಮ್ಮಕ್ಕನ ತೂಕ. ಮೊದಲನೇ ಸವಾರಿ ಆಕೀದ."

"ಐವತ್ತೆಂಟು!" ಅಕ್ಕ ಸಿಡುಕಿದಳು.

ನಾವೆಲ್ಲ ದೂರ ನಿಂತೆವು. ಭಾವ ಕೈಯಲ್ಲಿದ್ದ ರಿಮೋಟ್ ಒತ್ತಿದರು. ಯಂತ್ರ ನಡುಗಿತು, ಗುಡುಗಿತು, ಎದ್ದೇಬಿಟ್ಟಿತು! ನೆಲದಿಂದ ಒಂದು ಗೇಣು! ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಅದು ಓರೆಯಾಗಿ, ಬೆಲ್ಟಿನ ಹೊಲಿಗೆ ಕಿತ್ತು, ಮೇಲಿನ ಚೀಲ ಜಾರಿ ಬಿದ್ದು ಒಡೆಯಿತು. ಭಾವ ತಟ್ಟನೆ ಎಂಜಿನ್ ನಿಲ್ಲಿಸಿದರು.

ಹಾರಿಸಿದವರ ಸಂಭ್ರಮವೇ ಮುಖದಲ್ಲಿರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಹೋಗಿ ಸೀಟಿನ ಬೋಲ್ಟುಗಳನ್ನು ಬಿಚ್ಚತೊಡಗಿದರು.

"ಯಾಕೆ ಭಾವ? ಹಾರ್ತಲ್ಲ!"

"ಅಲ್ಲಿ ಆಕಿ ಕೂತಿದ್ದರ?" ಎಂದರು, ಚೆಲ್ಲಿದ ಅಕ್ಕಿಯಿಂದ ಕಣ್ಣು ತೆಗೆಯದೆ. ಕೈ ಮಾತ್ರ ಮುಂದಿನ ಬೋಲ್ಟನ್ನು ತಡಕುತ್ತಿತ್ತು.

ಅಷ್ಟು ದಿನವೂ ಹಂಗಿಸುತ್ತಲೇ ಬಂದಿದ್ದ ಅಕ್ಕ ಅವರ ಪಕ್ಕ ಮಂಡಿಯೂರಿ ಕೂತು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬಿಚ್ಚಬೇಡಿ," ಎಂದಳು ಮೆಲ್ಲಗೆ. "ಬೆಲ್ಟ್ ಇನ್ನೂ ಗಟ್ಟಿಯಾಗಿ ಹೊಲಿಯೋಣ. ಇಬ್ರೂ ಸೇರಿ."