ನಾನು ಸತ್ತಿಲ್ಲ, ಅಂಗಡಿಯಲ್ಲಿದ್ದೇನೆ

ಆಗಾಗ ಯಾರಾದರೊಬ್ಬರು ಅಂಗಡಿಗೆ ಬಂದು, ನಾನು ಸತ್ತುಹೋದ ಕಥೆಯನ್ನು ನನಗೇ ಹೇಳಿ ಹೋಗುತ್ತಿರುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಈಗ ಅವರ ಕೈಯಲ್ಲಿ ಯಾವ ಸಾಮಾನಿದೆ ಎಂದು ನೋಡಿಕೊಂಡು ತಿದ್ದುತ್ತೇನೆ.

ಚಿಂತಾಮಣಿಯಲ್ಲಿ ನನ್ನದು ಸನ್ಮಾನದ ಸಾಮಾನಿನ ಅಂಗಡಿ. ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ನೆನಪಿನ ಕಾಣಿಕೆ ಎಲ್ಲ ಸಿಗುತ್ತದೆ. ಸನ್ಮಾನ ಮಾಡಿಸಿಕೊಳ್ಳುವವರನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಚಿಕ್ಕಂದಿನಲ್ಲಿ ನಾನು ಸಿನಿಮಾದಲ್ಲಿದ್ದೆ. ಕೂದಲು ಕತ್ತರಿಸಿ, ಚಡ್ಡಿ ತೊಡಿಸಿ ಹುಡುಗನ ಪಾತ್ರ ಕೊಟ್ಟರು. ಚಿತ್ರ ಚೆನ್ನಾಗಿ ಓಡಿತು. ಆಮೇಲೆ ಬಂದ ಚಿತ್ರಗಳಲ್ಲೂ ಹುಡುಗನಾಗಿಯೇ ದುಡಿದೆ. ಎತ್ತರ ಬೆಳೆದೆ, ಸಿನಿಮಾ ಕಂಪನಿಯ ಕಾರು ಬರುವುದು ನಿಂತಿತು. ಅಪ್ಪ ಅಮ್ಮ ಇರುವವರೆಗೂ ಮನೆಯಲ್ಲಿ ಆ ಮಾತು ತೆಗೆಯುವವರಿದ್ದರು. ಈಗ ಅಂಗಡಿಯ ಮೇಲಿನ ಮನೆಯಲ್ಲಿ ನಾನೊಬ್ಬಳೇ. ನಾನಾಗಿ ಹೇಳದೆ ಯಾರಾದರೊಬ್ಬರು ನನ್ನ ಗುರುತು ಹಿಡಿಯಲಿ ಎಂಬ ಆಸೆಯೊಂದು ಉಳಿದುಕೊಂಡಿದೆ. ಲಾಭವಿಲ್ಲದ ಆಸೆ. ಹಳೇ ಸ್ಟಾಕಿನ ಹಾಗೆ, ಎಸೆಯಲೂ ಮನಸ್ಸಿಲ್ಲ.

ಮಣ್ಣಿಗೆ ಹೋಗಿಬಂದವರು

ಒಂದು ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಶಾಲು ಆರಿಸುತ್ತಿದ್ದರು. ಮೂಲೆಯ ಟಿ.ವಿ.ಯಲ್ಲಿ ನನ್ನ ಆ ಮೊದಲ ಚಿತ್ರ ಬರುತ್ತಿತ್ತು. ಮಲತಾಯಿ ಬಾಗಿಲು ಮುಚ್ಚುತ್ತಾಳೆ, ಮಳೆಯಲ್ಲಿ ನಿಂತ ಹುಡುಗ ಕೂಗುತ್ತಾನೆ: "ಅಮ್ಮಾ, ಬಾಗಿಲು ಹಾಕ್ಬೇಡ, ನಾನಿನ್ನೂ ಹೊರಗಿದ್ದೀನಿ."

ಮೇಷ್ಟ್ರು ಕಣ್ಣೊರೆಸಿಕೊಂಡರು. "ಪಾಪ, ಆ ಹುಡುಗ ಉಳೀಲಿಲ್ಲ ಕಣಮ್ಮ. ಆ ಮಳೇಲಿ ನೆನೆದು ಜ್ವರ ಬಂದು ಹೋಗ್ಬಿಟ್ಟ. ನಮ್ಮ ಭಾವಮೈದ ಮಣ್ಣಿಗೆ ಹೋಗಿದ್ದ."

"ಹುಡುಗ ಅಲ್ಲ ಸಾರ್, ಹುಡುಗಿ. ನಾನೇ ಅದು."

ಟಿ.ವಿ. ನೋಡಿದರು, ನನ್ನನ್ನು ನೋಡಿದರು, ಶಾಲು ಮಡಿಸಿ ಕೆಳಗಿಟ್ಟರು.

"ಸುಳ್ಳು ಹೇಳಿ ವ್ಯಾಪಾರ ಮಾಡೋರನ್ನ ಬೇಕಾದಷ್ಟು ನೋಡಿದ್ದೀನಮ್ಮ. ಸತ್ತ ಮಗು ಹೆಸರಲ್ಲಿ ಮಾಡೋರನ್ನ ಇವತ್ತೇ ನೋಡಿದ್ದು."

ಹುಡುಗಿ ಬದಲಾಯಿಸಿದ್ದೀರಿ

ಆ ಕೂಗು ನನ್ನದಲ್ಲ. ಬಾಯಿ ನನ್ನದು, ಧ್ವನಿ ಬೇರೆ ಯಾವುದೋ ಮಗುವಿನದು. ನಿರ್ದೇಶಕರು ನನ್ನ ಮಾತು ಕೇಳಿ ತಲೆ ಹಿಡಿದುಕೊಂಡು, "ಈ ಮಗು ಕನ್ನಡದಲ್ಲೇ ತೆಲುಗು ಮಾತಾಡುತ್ತೆ" ಅಂದಿದ್ದರು. ನಮ್ಮ ಕಡೆ ಮಕ್ಕಳೆಲ್ಲ ಹಾಗೆಯೇ. ಅದನ್ನು ಮದರಾಸಿನವರಿಗೆ ಯಾರು ಹೇಳಬೇಕು?

ಮುಂದೆ ಶಿಡ್ಲಘಟ್ಟದಿಂದ ರೇಷ್ಮೆ ವ್ಯಾಪಾರದ ಮನೆಯವರು ನನ್ನನ್ನು ನೋಡಲು ಬಂದರು. ಹುಡುಗನಿಗೆ ನಾನು ಒಪ್ಪಿಗೆ, ನನಗೂ ಹುಡುಗ ಒಪ್ಪಿಗೆ. ಉಪ್ಪಿಟ್ಟು ಮುಗಿಯಿತು. ಹುಡುಗನ ತಾಯಿ ಕೈ ತೊಳೆದುಕೊಂಡು, "ಹಾಡು ಗೀಡು ಬೇಡಮ್ಮ. ಆ ಬಾಗಿಲು ಮಾತು ಒಂದ್ಸಲ ಹೇಳ್ಬಿಡು" ಅಂದರು.

ಹೇಳಿದೆ. ನಮ್ಮೂರ ರಾಗದಲ್ಲೇ ಹೇಳಿದೆ. ಆಕೆ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಹೊರಡುವಾಗ ಅಪ್ಪನನ್ನು ಜಗುಲಿಗೆ ಕರೆದರು.

"ಯಜಮಾನ್ರೇ, ಸಿನಿಮಾದ ಹುಡುಗಿಗೆ ತಂಗಿ ಇದ್ದರೆ ಇದ್ದಾಳೆ ಅನ್ನಿ, ತಪ್ಪೇನಿಲ್ಲ. ಅವಳ ಬದಲು ಇವಳನ್ನ ತೋರಿಸೋದು ಮಾತ್ರ ಸರಿಯಲ್ಲ."

ಆ ಸಂಬಂಧ ಅಲ್ಲಿಗೆ ಮುಗಿಯಿತು. ಮುಂದೆ ಬಂದವೂ ಒಂದಲ್ಲ ಒಂದು ಕಾರಣಕ್ಕೆ ಕೂಡಿಬರಲಿಲ್ಲ. ಇಲ್ಲದ ತಂಗಿಯ ಕಾಟ ಅಷ್ಟಿಷ್ಟಲ್ಲ.

ಸ್ಯಾಂಪಲ್ ತಲೆ

ಪೇಟ ಕೊಳ್ಳಲು ಬಂದವರೆಲ್ಲ ಕೇಳುವುದು ಒಂದೇ: "ಒಂದ್ಸಲ ಹಾಕ್ಕೊಂಡು ತೋರಿಸಮ್ಮ, ಹೆಂಗ್ ಕಾಣುತ್ತೆ ನೋಡಣ." ಹಾಕಿಕೊಳ್ಳುತ್ತೇನೆ. ಶಾಲು ಹೊದೆಯುತ್ತೇನೆ, ಹಾರಕ್ಕೆ ಕೊರಳು ಕೊಡುತ್ತೇನೆ. ಅವರು ದೂರ ನಿಂತು ನೋಡಿ ತಲೆಯಾಡಿಸುತ್ತಾರೆ. ನಾನು ಎಲ್ಲವನ್ನೂ ತೆಗೆದು ಡಬ್ಬಕ್ಕೆ ಹಾಕಿ, ದಾರ ಕಟ್ಟಿ ಕೊಡುತ್ತೇನೆ. ಇಡೀ ಜಿಲ್ಲೆಯಲ್ಲಿ ನನ್ನಷ್ಟು ಸಲ ಸನ್ಮಾನವಾದವರು ಇನ್ನೊಬ್ಬರಿಲ್ಲ.

ಒಮ್ಮೆ ಸಂಘವೊಂದರ ಅಧ್ಯಕ್ಷರು, ಕಲಾವಿದರಿಗೆ ಸನ್ಮಾನ ಮಾಡಬೇಕು, ಹತ್ತಿರದಲ್ಲಿ ಯಾರೂ ಸಿಗುತ್ತಿಲ್ಲ ಎಂದು ಗೋಳು ಹೇಳಿಕೊಂಡರು. ತಡೆಯಲಾರದೆ ಹಳೇ ಫೋಟೋ ತೋರಿಸಿದೆ. ಚಡ್ಡಿ, ಕ್ರಾಪು, ಕಣ್ಣ ತುಂಬ ಗ್ಲಿಸರಿನ್ ನೀರು.

ಬಹಳ ಹೊತ್ತು ನೋಡಿದರು. "ನಿಮ್ಮ ತಮ್ಮ ಈಗೆಲ್ಲಿದ್ದಾರೆ? ಬರ್ತಾರಾ?"

ಗೌರಿಬಿದನೂರಿನ ಸಮಾರಂಭ

ಹೋದ ವರ್ಷ ಗೌರಿಬಿದನೂರಿನಿಂದ ಒಬ್ಬ ಕಾರ್ಯದರ್ಶಿ ಫೋನ್ ಮಾಡಿದರು. "ಅಮ್ಮ, ಒಳ್ಳೇ ಸೆಟ್ಟು ಬೇಕು. 'ಬಾಗಿಲು ಹಾಕ್ಬೇಡ' ಸಿನಿಮಾದ ಮಗು ಇದೆಯಲ್ಲ, ಅವರು ತೊಂಡೇಬಾವೀಲೇ ಇದ್ದಾರಂತೆ. ನಮಗೆ ಗೊತ್ತೇ ಇರ್ಲಿಲ್ಲ ನೋಡಿ."

"ನನಗೂ ಗೊತ್ತಿರಲಿಲ್ಲ" ಅಂದೆ.

ಬೇರೆ ಆರ್ಡರುಗಳನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ. ಇದನ್ನು ಮಾತ್ರ ನಾನೇ ಹೊತ್ತುಕೊಂಡು ಹೋದೆ. ನನ್ನ ಅಂಗಡಿಯ ಪೇಟ, ನನ್ನ ಅಂಗಡಿಯ ಶಾಲು, ನನ್ನದೇ ಪಾತ್ರ. ತಲೆ ಮಾತ್ರ ಬೇರೆಯವರದ್ದು. ಸಭೆಯಲ್ಲಿ ಎದ್ದು ನಿಂತು ಕೇಳಿಯೇ ಬಿಡುವುದೆಂದು ಕೊನೆಯ ಸಾಲಿನಲ್ಲಿ ಕೂತೆ.

ವೇದಿಕೆಯಲ್ಲಿ ನನ್ನ ವಯಸ್ಸಿನ, ದಪ್ಪ ಕನ್ನಡಕದ ಹೆಂಗಸು. ಹಿಂದಿನ ಬ್ಯಾನರಿನಲ್ಲಿ 'ಹೆಸರಾಂತ ಬಾಲನಟಿ' ಎಂದಿತ್ತು. ಪೇಟ ತೊಡಿಸಿದರು, ಮೈಕು ಕೊಟ್ಟರು. ಆಕೆ ಗಂಟಲು ಸರಿಮಾಡಿಕೊಂಡಳು.

"ಅಮ್ಮಾ, ಬಾಗಿಲು ಹಾಕ್ಬೇಡ, ನಾನಿನ್ನೂ ಹೊರಗಿದ್ದೀನಿ."

ಅದೇ ಧ್ವನಿ. ಇಷ್ಟು ವರ್ಷ ಟಿ.ವಿ.ಯಲ್ಲಿ ನನ್ನ ಬಾಯಿಂದ ಬರುತ್ತಿದ್ದದ್ದು. ಸಭೆ ಚಪ್ಪಾಳೆ ತಟ್ಟುವಾಗ ಗೊತ್ತಾಯಿತು, ನನ್ನ ತುಟಿಗಳು ತಾವಾಗಿಯೇ ಅದರ ಜೊತೆ ಆಡಿಬಿಟ್ಟಿದ್ದವು. ಎದ್ದು ನಿಂತು ಕೇಳುವುದು ಮರೆತೇಹೋಯಿತು.

ಊಟದ ಹೊತ್ತಿಗೆ ಹತ್ತಿರ ಹೋದೆ. ಬಾಯಿ ತೆರೆದೆ, ಮಾತು ಇನ್ನೂ ಬಂದಿರಲಿಲ್ಲ. ಆಕೆ ಕನ್ನಡಕ ಮೇಲೆತ್ತಿ ನನ್ನ ತುಟಿಯನ್ನೇ ನೋಡಿದಳು.

"ಮಾತು ಶುರುಮಾಡೋ ಮುಂಚೆ ತುಟಿ ಎಡಗಡೆಗೆ ಎಳೀತೀರಲ್ಲ, ಆ ಬಾಯಿ ನಿಮ್ದಾ?"

ಹೌದೆಂದು ತಲೆಯಾಡಿಸಿದೆ.

"ಕತ್ತಲೆ ಡಬ್ಬಿಂಗ್ ಥಿಯೇಟರಲ್ಲಿ ಕೂರಿಸಿ ಅದೊಂದನ್ನೇ ತೋರಿಸ್ತಿದ್ರು ಕಣ್ರೀ. ನೀವು ಎಳೆಯೋವರೆಗೂ ಕಾಯ್ಬೇಕು, ಎಳೆದ ತಕ್ಷಣ ನಾನು ಕೂಗ್ಬೇಕು. ಮುಂಚೆ ಕೂಗಿದ್ರೆ ಬೈಗುಳ. ನಮ್ಮಮ್ಮನ ಮುಖ ಮರೆತರೂ ಆ ತುಟಿ ಮರೆಯಲ್ಲ." ಆಮೇಲೆ ದನಿ ತಗ್ಗಿಸಿ ಅಂದಳು: "ಧ್ವನಿ ಕೊಟ್ಟೋಳು ಅಂತ್ಲೇ ಹೇಳಿದ್ದೆ ಇವರಿಗೆ. ಬ್ಯಾನರಲ್ಲಿ ಜಾಗ ಸಾಲ್ಲಿಲ್ಲ ಅಂದ್ರು."

ಅಷ್ಟರಲ್ಲಿ ಕಾರ್ಯದರ್ಶಿ ಫೋಟೋದವನನ್ನು ಕರೆತಂದರು. "ಅಂಗಡಿಯಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅಡ್ಡ ಬರ್ತಿದ್ದೀರಿ."

"ಅವರನ್ನ ಪಕ್ಕಕ್ಕೆ ಕಳಿಸಿದ್ರೆ ನಾನು ಯಾರ ಬಾಯಲ್ಲಿ ಮಾತಾಡ್ಲಿ?" ಅಂದಳು ಆಕೆ. ಕಾರ್ಯದರ್ಶಿಗೆ ಏನೂ ಅರ್ಥವಾಗಲಿಲ್ಲ. ಆಕೆ ತನ್ನ ಪೇಟ ತೆಗೆದು ನನ್ನ ತಲೆಗಿಟ್ಟಳು. ಫೋಟೋ ಆಯಿತು. ನನ್ನ ಕೈ ಅಭ್ಯಾಸಬಲದಿಂದ ಪೇಟ ತೆಗೆದು ಡಬ್ಬ ಹುಡುಕತೊಡಗಿತು.

"ಯಾಕ್ರೀ ತೆಗೀತೀರಿ? ನಿಮ್ದೇ ಅದು. ಶಾಲು ನನಗಿರಲಿ."

ಆಕೆ ತೊಂಡೇಬಾವಿಗೆ ಹೊರಟಳು, ನಾನು ಚಿಂತಾಮಣಿಗೆ. ಬಸ್ಸಿನಲ್ಲಿ ಪೇಟ ತೆಗೆಯದೆ ಕಿಟಕಿಯ ಪಕ್ಕ ಕೂತಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ನನ್ನ ತಲೆಯನ್ನೇ ನೋಡಿದ.

"ಯಾವ್ದಮ್ಮ ಅಂಗಡಿ ಪ್ರಚಾರ?"

ಅಂಗಡಿಯ ಹೆಸರು ಹೇಳಿದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗಲೂ ಪೇಟ ತೆಗೆಯಲಿಲ್ಲ.