ಪಿಂಟುವಿನ ಟ್ಯಾಬ್ ವಿದ್ಯಾಭ್ಯಾಸ

ಯಾವುದೋ ದೇಶದ ನಾಯಿಯೊಂದು ಮೂಗಿನಿಂದ ಟ್ಯಾಬ್ ಒತ್ತಿ ವಿಡಿಯೋ ಕಾಲ್ ತೆಗೆದುಕೊಳ್ಳುವುದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಸದಾಶಿವನಗರದ ಪಿಂಟು ಹಿಂದೆ ಬೀಳಬಾರದೆಂದು ಆಗಲೇ ತೀರ್ಮಾನಿಸಿದೆ. ಎಂತೆಂಥ ಹುಡುಗರಿಗೂ ಗಣಿತ ಕಲಿಸಿದ ಮೇಷ್ಟ್ರು ನಾನು. ನಾಯಿ ಯಾವ ಲೆಕ್ಕ!

ಅಡ್ಡ ಬಂದದ್ದು ನಿಟ್ಟೂರಿನಲ್ಲಿ ಭಾವನ ಗೃಹಪ್ರವೇಶ. ಅದೂ ಭಾನುವಾರ. ನನಗೆ ಬಿಡುವು ಸಿಗುವುದೂ ಭಾನುವಾರವೇ. ಹಾಗಾಗಿ ಹಿಂದಿನ ಸಂಜೆಯೇ ಸೊಂಟ ಹಿಡಿದುಕೊಂಡು, ಅಯ್ಯಮ್ಮಾ ಎಂದು ಮಲಗಿಬಿಟ್ಟೆ. ಹೆಂಡತಿ ಶೈಲಜಾ ಮೇಲಿಂದ ಕೆಳಗೆ ನೋಡಿದಳು.

“ಅಣ್ಣ ಮೊದ್ಲೇ ನಿಮ್ಮನ್ನ ಜಂಬದವ್ರು ಅಂತಾನೆ. ಇದು ಸುಳ್ಳು ಅಂತ ಗೊತ್ತಾದ್ರೆ ತವರಲ್ಲಿ ನಾನು ತಲೆ ಎತ್ತೋ ಹಾಗಿಲ್ಲ.”

“ಬಗ್ಗೋಕೇ ಆಗ್ತಿಲ್ಲ ಕಣೇ,” ಎಂದೆ. ಪಾಪ, ನಂಬಿ ಬೆಳಿಗ್ಗೆ ಒಬ್ಬಳೇ ರೈಲು ಹತ್ತಿದಳು.

ರೈಲು ಗುಬ್ಬಿ ದಾಟುವ ಮೊದಲೇ ತರಗತಿ ಶುರು. ಟ್ಯಾಬನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿಸಿದೆ. ನನ್ನ ಫೋನಿನಿಂದ ಅದಕ್ಕೆ ನಾನು ಕರೆ ಮಾಡುವುದು, ಪಿಂಟು ಹಸಿರು ಗುಂಡಿಗೆ ಮೂಗು ಒತ್ತುವುದು, ಬಹುಮಾನಕ್ಕೆ ತಟ್ಟೆ ಇಡ್ಲಿಯ ಒಂದು ಚೂರು.

ಪಿಂಟು ಮೂಗು ಒತ್ತಿದ್ದು ಇಡ್ಲಿಗೆ! ಮಾಡಿ ತೋರಿಸದೆ ವಿದ್ಯೆ ಹತ್ತುವುದಿಲ್ಲವೆಂದು ಲುಂಗಿ ಎತ್ತಿ ಕಟ್ಟಿ, ಕೈಕಾಲು ಊರಿ, ನಾನೇ ಮೂಗು ಒತ್ತಿದೆ. ಬಹುಮಾನವನ್ನೂ ನಾನೇ ತಿಂದೆ. ನಿಯಮ ಅಂದ ಮೇಲೆ ನಿಯಮ. ರಿಂಗ್, ಮೂಗು, ಇಡ್ಲಿ. ರಿಂಗ್, ಮೂಗು, ಇಡ್ಲಿ. ಪಿಂಟು ಕಾಲು ಚಾಚಿ ಮಲಗಿ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ನಮ್ಮಿಬ್ಬರಲ್ಲಿ ಒಬ್ಬರಿಗಂತೂ ಪಾಠ ಚೆನ್ನಾಗಿ ಹತ್ತಿತ್ತು.

ಇನ್ನೊಂದು ಇಡ್ಲಿ ತರಲು ಅಡುಗೆಮನೆಗೆ ಹೋಗಿದ್ದೆ. ಟ್ಯಾಬ್ ರಿಂಗಾಯಿತು. ಈ ಸಲ ನಾನು ಕರೆ ಮಾಡಿಯೇ ಇಲ್ಲವಲ್ಲ ಎಂದು ಹೊಳೆಯುವ ಮೊದಲೇ ಓಡಿಬಂದು, ಕೈಕಾಲು ಊರಿ, ಮೂಗು ಒತ್ತಿಬಿಟ್ಟಿದ್ದೆ.

ಪರದೆಯ ತುಂಬ ನಿಟ್ಟೂರು! ಶೈಲಜಾ, ಭಾವ, ಅತ್ತೆ, ಹಿಂದೆ ಊಟದ ಪಂಕ್ತಿ. ಬೆಳಗಿನಿಂದ ನನ್ನ ಫೋನ್ ಬ್ಯುಸಿ ಬರುತ್ತಿದೆಯೆಂದು ಗಾಬರಿಯಾಗಿ, ಸೊಂಟ ಹೇಗಿದೆ ಎಂದು ಕೇಳಲು ಟ್ಯಾಬಿಗೆ ಮಾಡಿದ್ದರಂತೆ. ಅವರಿಗೆ ಮೊದಲು ಕಂಡದ್ದು ನನ್ನ ಮೂಗಿನ ಹೊಳ್ಳೆ. ಆಮೇಲೆ ಪೂರ್ತಿ ನಾನು, ಪಕ್ಕದಲ್ಲಿ ಕಾಲು ಚಾಚಿ ನೋಡುತ್ತಿದ್ದ ಪಿಂಟು. ಶೈಲಜಾ ತಲೆ ತಗ್ಗಿಸಿದಳು. ಅದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ರೈಲಿಗೇ ಹೊರಟೆ. ಬೆಳಗಿನಿಂದ ಬಗ್ಗಿದ್ದರ ಫಲ ರೈಲಿನಲ್ಲಿ ತಿಳಿಯಿತು. ಸೊಂಟ ನಿಜವಾಗಿಯೇ ಹಿಡಿದುಕೊಂಡಿತ್ತು! ಗೋಡೆ ಹಿಡಿದು ಹೊಸ ಮನೆಯ ಹೊಸಿಲು ದಾಟಿ, ಅತ್ತೆಯ ಮುಂದೆ ನೆಟ್ಟಗೆ ನಿಂತೇ ಕೈಮುಗಿದೆ. ಬಗ್ಗೋಕೆ ಆಗ್ತಿಲ್ಲ ಎಂದು ಸತ್ಯವನ್ನೇ ಹೇಳಿದೆ.

“ನಾಯಿ ಮುಂದೆ ಬಗ್ಗಕ್ಕಾಯ್ತದೆ, ನನ್ ಮುಂದೆ ಆಗಲ್ವಾ ಅಳಿಯಂದ್ರೆ?” ಎಂದರು ಅತ್ತೆ.

ಬಗ್ಗಿದೆ. ಬಗ್ಗಿದವನು ಅಲ್ಲೇ ಉಳಿದೆ. ಭಾವ ಬಂದು ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತುವಾಗ, ಶೈಲಜಾ ಕೊನೆಗೂ ತಲೆ ಎತ್ತಿ ನಕ್ಕಳು.